ಕಾರ್ಡ್ ಬಿಲ್‌ನಲ್ಲಿ 640 ರೂಪಾಯಿ ಬಿಟ್ಟಿದ್ದಕ್ಕೆ 2,390 ಹಾಕಿದಾರೆ, ಇದು ನ್ಯಾಯನಾ?

ಹಾಸನದ_ಆಲೂಗೆಡ್ಡೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಹೊಟ್ಟೆ ಉರೀತಿದೆ, ಓದ್ಬಿಡಿ.

ಹೋದ ತಿಂಗ್ಳು ಕ್ರೆಡಿಟ್ ಕಾರ್ಡ್ ಬಿಲ್ 48,640 ಬಂತು. ತಂಗಿ ಮದ್ವೆ ಸೀರೆ ಖರ್ಚು, ಇಲ್ಲಾಂದ್ರೆ ನಾನು ಅಷ್ಟೆಲ್ಲ ಉಜ್ಜೋನಲ್ಲ. ಡ್ಯೂ ಡೇಟ್ ದಿನ ಚೌಲ್ಟ್ರಿಲಿ ನಿಂತಿದೀನಿ, ಒಂದು ಕಡೆ ಅಡುಗೆಯವ್ರು ಅಡ್ವಾನ್ಸ್ ಅಂತ ನಿಂತಿದಾರೆ, ಇನ್ನೊಂದು ಕಡೆ ಹೂವಿನವನು ಫೋನ್ ಮಾಡ್ತಾವ್ನೆ, ಆತುರದಲ್ಲಿ 48,000 ಅಂತ ಒತ್ತಿ ಪೇ ಮಾಡ್ಬಿಟ್ಟೆ. ಆಮೇಲೆ ಗೊತ್ತಾಯ್ತು 640 ಉಳೀತು ಅಂತ, ಅಷ್ಟೇ ತಾನೆ, ಮುಂದಿನ ಬಿಲ್ಲಲ್ಲಿ ಬರುತ್ತೆ ಬಿಡು ಅನ್ಕೊಂಡೆ. ಆಮೇಲೆ ಆ ಕಾರ್ಡಲ್ಲಿ ಒಂದು ಟೀನೂ ಕುಡಿದಿಲ್ಲ.

ಇವತ್ತು ಬಿಲ್ ಬಂದಿದೆ. ಫೈನಾನ್ಸ್ ಚಾರ್ಜಸ್ 2,026. ಅದರ ಮೇಲೆ ಜಿಎಸ್‌ಟಿ 364.68. ಒಟ್ಟು 2,390 ಚಿಲ್ರೆ. 640 ರೂಪಾಯಿ ಸಾಲಕ್ಕೆ! ನಮ್ಮೂರಲ್ಲಿ ಮೀಟರ್ ಬಡ್ಡಿ ಕೊಡೋನೂ ಹಿಂಗ್ ಕೇಳಲ್ಲ. ಬ್ಯಾಂಕ್ ಹೆಸ್ರು ಬೇಡ, ಎಲ್ಲಾದೂ ಒಂದೇ ತರ ಅಂತಾರೆ. ತಪ್ಪು ನಂದೇ, ಒಪ್ಕೋತೀನಿ, ಆದ್ರೆ ತಪ್ಪಿಗೂ ದಂಡಕ್ಕೂ ಒಂದು ಅಳತೆ ಬೇಡ್ವಾ?

ಲೆಕ್ಕದ_ಮೇಷ್ಟ್ರು

ಗುರುವೇ, ನಿಮ್ಮ ಲೆಕ್ಕದಲ್ಲಿ ಸಾಲ 640, ಅವರ ಲೆಕ್ಕದಲ್ಲಿ 48,640. ಅಲ್ಲೇ ಇರೋದು ಕಿತಾಪತಿ.

ಬಿಲ್ ಪೂರ್ತಿ ಕಟ್ಟಿದ್ರೆ ಮಾತ್ರ ಬಡ್ಡಿ ಇಲ್ಲದ ಅವಧಿ ಸಿಗೋದು. ಒಂದು ರೂಪಾಯಿ ಬಿಟ್ರೂ ಆ ಸವಲತ್ತು ಹೋಯ್ತು, ಸೀರೆ ತಗೊಂಡ ದಿನದಿಂದ ಲೆಕ್ಕ ಶುರು. ನಿಮ್ಮ ಕಾರ್ಡ್ ಬಡ್ಡಿ ತಿಂಗ್ಳಿಗೆ 3.6% ಇರ್ಬೇಕು. ಅಂದ್ರೆ ವರ್ಷಕ್ಕೆ 43.2%. 48,640ಕ್ಕೆ ದಿನಕ್ಕೆ 57 ರೂಪಾಯಿ 57 ಪೈಸೆ. ಸೀರೆ ತಗೊಂಡು ಬಿಲ್ ಕಟ್ಟೋಕೆ 35 ದಿನ ಆಗಿದ್ರೆ 2,015. ಉಳಿದ 640ಕ್ಕೆ ಮುಂದಿನ ಹದಿನೈದು ದಿನಕ್ಕೆ 11 ರೂಪಾಯಿ. ಕೂಡ್ಸಿ, 2,026 ಬಂತಾ?

ನೋಡಿ, ನಿಮ್ಮ ತಪ್ಪಿನ ನಿಜವಾದ ಬೆಲೆ ಆ 11 ರೂಪಾಯಿ. ಮಿಕ್ಕಿದ್ದು ನೀವು ಟೈಮಿಗೆ ಸರಿಯಾಗಿ ಕಟ್ಟಿದ ದುಡ್ಡಿಗೆ ಬಿದ್ದ ಬಡ್ಡಿ. ಇನ್ನೊಂದು ಮಾತು, ಇದಕ್ಕೆ ಅವರು ದಂಡ ಅನ್ನಲ್ಲ, ಬಡ್ಡಿ ಅಂತಾರೆ. ಮಿನಿಮಮ್ ಡ್ಯೂ, ಅಂದ್ರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ, ಅದಕ್ಕಿಂತ ಜಾಸ್ತಿ ಕಟ್ಟಿದೀರಲ್ಲ, ಅದಕ್ಕೆ ಲೇಟ್ ಫೀ ಬಿದ್ದಿಲ್ಲ, ಅದೂ ಬಿದ್ದಿದ್ರೆ ಮದ್ವೆ ಊಟ ಅರಗ್ತಿರ್ಲಿಲ್ಲ.

ಕರಾರು_ಓದೋನು

ಎಲ್ರೂ ಬೈತೀರ ಅಂತ ಗೊತ್ತು, ಆದ್ರೂ ಹೇಳ್ತೀನಿ. 45 ದಿನ ಬಡ್ಡಿ ಇಲ್ದೆ ಅರ್ಧ ಲಕ್ಷ ಯಾವ ಸೋದರಮಾವ ಕೊಡ್ತಾನೆ? ಬಿಲ್ ಪೂರ್ತಿ ಕಟ್ಟಿಲ್ಲಾಂದ್ರೆ ಬಡ್ಡಿ ಅಂತ ಸ್ಟೇಟ್‌ಮೆಂಟ್ ಹಿಂದಿನ ಪುಟದಲ್ಲಿ ಉದಾಹರಣೆ ಸಮೇತ ಹಾಕಿರ್ತಾರೆ. ಓದಲ್ಲ. ಆಟೋ ಪೇ ಹಾಕಿ ಅಂದ್ರೆ ಹಾಕಲ್ಲ. ನಾನು ಹದಿನಾಲ್ಕು ವರ್ಷದಿಂದ ಕಾರ್ಡ್ ಬಳಸ್ತಿದೀನಿ, ಒಂದು ಪೈಸೆ ದಂಡ ಕಟ್ಟಿಲ್ಲ.

ಮುಚ್ಚುಮರೆ ಯಾಕೆ, ನನಗೆ ಕಾರ್ಡ್ ತೋರ್ಸಿ ಏರ್‌ಪೋರ್ಟ್ ಲೌಂಜಲ್ಲಿ ಎರಡು ರೂಪಾಯಿಗೆ ಮಸಾಲೆ ದೋಸೆ ಸಿಗ್ತಿರೋದು ಹಿಂಗೆ 640 ಬಿಟ್ಟೋರ ದುಡ್ಡಲ್ಲೇ. ಶಿಸ್ತಿಲ್ಲದವ್ರು ಕಟ್ತಾರೆ, ಶಿಸ್ತಿರೋರು ತಿಂತಾರೆ.

ಮಂಡ್ಯ_ತ್ರೀವೀಲರ್

ಅಣ್ಣ ನಿಮ್ ದೋಸೆಗೆ ಚಟ್ನಿ ದುಡ್ಡು ನಾನೇ ಕೊಟ್ಟಿರಾದು ಅನ್ಸುತ್ತೆ ಕನಣ್ಣ.

ನಂದು ಕಾರ್ಡಿಲ್ಲ, ಆಟೋ ಲೋನು. ಇಎಂಐ 6,450, ತಿಂಗ್ಳು 5ನೇ ತಾರೀಕ್ ಎಳೀತಾರೆ. ನಮ್ದು ದಿನಾ ಬರೋ ದುಡ್ಡು, ಸ್ಕೂಲ್ ಮಕ್ಕಳ ಬಾಡಿಗೆ ಮಾತ್ರ ಒಟ್ಗೆ ಬತ್ತದೆ, ಅದೂ 8 ಇಲ್ಲಾ 10ನೇ ತಾರೀಕ್ ಆಯ್ತದೆ. ಹೋದ್ ತಿಂಗ್ಳು 5ಕ್ಕೆ ಅಕೌಂಟಲ್ಲಿ 6,300 ಇತ್ತು. 150 ರೂಪಾಯಿ ಕಮ್ಮಿ. ಬೌನ್ಸ್ ಆಯ್ತು. ಬ್ಯಾಂಕ್ನೋರು 590 ಕಡ್ಕೊಂಡ್ರು, ಫೈನಾನ್ಸ್ನೋರು ಅವ್ರ್ದೇ ಬೇರೆ 590 ಹಾಕುದ್ರು. ಒಂದೇ ತಪ್ಪಿಗೆ ಎರಡ್ ಕಡೆ ಏಟು. ಈಗ ನನ್ ಅಕೌಂಟಲ್ಲಿ ಬ್ಯಾಂಕ್ ಕಡ್ದಿದ್ದುಕ್ಕೆ 5,710 ಉಳೀತು, ಮೂರು ದಿನ ಬಿಟ್ಕಂಡು ತಿರ್ಗ ಎಳುದ್ರು, ಆಗ ಇನ್ನೂ ಜಾಸ್ತಿ ಕಮ್ಮಿ ಬಿತ್ತು, ತಿರ್ಗ ಬೌನ್ಸು, ತಿರ್ಗ 590. ಮೊದ್ಲು 150 ರೂಪಾಯಿ ಇಲ್ದಿದ್ದೋನು ನಾನು, ಅವ್ರೇ ಕಿತ್ಕೊಂಡು ಅವ್ರೇ ಇಲ್ಲ ಅಂತಾರಲ್ಲ.

ಡೇಟ್ ಚೇಂಜ್ ಮಾಡ್ಕೊಡಿ ಸಾರ್, 12ಕ್ಕೆ ಹಾಕಿ ಅಂತ ಮೂರ್ ಸತಿ ಕೇಳಿದೀನಿ, ಸಿಸ್ಟಮಲ್ಲಿ ಆಗಾಕಿಲ್ವಂತೆ. ಶಿಸ್ತು ಅಂತೀರಲ್ಲ, ಬೆಳಗ್ಗೆ ಐದಕ್ಕೆ ಆಟೋ ಒರ್ಸೋನಿಗೆ ಶಿಸ್ತು ಇಲ್ವಾ ಅಣ್ಣ.

ಕರಾರು_ಓದೋನು

ಅಣ್ಣ ನಿಮ್ಮ ವಿಷ್ಯ ಬೇರೆ, ನಾನು ಕಾರ್ಡ್‌ನವ್ರಿಗೆ ಹೇಳಿದ್ದು. ಬೇಜಾರ್ ಮಾಡ್ಕೋಬೇಡಿ.

ವಕೀಲರ_ಪಕ್ಕದ್ಮನೆ

ನಾನು ವಕೀಲ ಅಲ್ಲ, ಹೆಸರಲ್ಲೇ ಇದೆ, ಆದ್ರೆ ಸಂಜೆ ಕಾಂಪೌಂಡ್ ಹತ್ರ ನಿಂತು ಕೇಳಿ ಕೇಳಿ ಕಿವಿ ಪಳಗಿದೆ.

ಸಾಲದ ಕಂತು ತಪ್ಪಿದ್ರೆ ಮೊದ್ಲು ಬ್ಯಾಂಕ್‌ಗಳು ಬಡ್ಡಿ ದರಾನೇ ಏರಿಸಿ ದಂಡದ ಬಡ್ಡಿ ಅಂತ ಹಾಕ್ತಿದ್ರು, ಅದು ಅಸಲಿಗೆ ಸೇರಿ ಬಡ್ಡಿಗೆ ಬಡ್ಡಿ ಬೆಳೀತಿತ್ತು. 2023ರ ಆಗಸ್ಟ್ 18ಕ್ಕೆ ಆರ್‌ಬಿಐ ಅದನ್ನ ನಿಲ್ಲಿಸ್ತು. ದಂಡ ಅನ್ನೋದು ಗ್ರಾಹಕ ಶಿಸ್ತಾಗಿರ್ಲಿ ಅಂತ ಇರೋದು, ನಿಮ್ಮ ಆದಾಯ ಹೆಚ್ಚಿಸ್ಕೊಳ್ಳೋಕಲ್ಲ ಅಂತ ಬ್ಯಾಂಕ್‌ಗಳಿಗೆ ಹೇಳಿ, ಬೇಕಾದ್ರೆ ಪ್ರತ್ಯೇಕ ಶುಲ್ಕ ಹಾಕಿ, ಅದೂ ತಪ್ಪಿಗೆ ತಕ್ಕಷ್ಟಿರ್ಲಿ, ಅದರ ಮೇಲೆ ಮತ್ತೆ ಬಡ್ಡಿ ಹಾಕೋ ಹಾಗಿಲ್ಲ ಅಂದ್ರು. ಹೊಸ ಸಾಲಕ್ಕೆ 2024ರ ಏಪ್ರಿಲ್‌ನಿಂದ ಜಾರಿ. ಮಂಡ್ಯ ಅಣ್ಣ, ಈ ಸುತ್ತೋಲೆ ಫೈನಾನ್ಸ್ ಕಂಪನಿಗಳಿಗೂ ಅನ್ವಯ. ಕಂತು ತಪ್ಪಿದ್ದಕ್ಕೆ ಈ ಬೌನ್ಸ್ ಚಾರ್ಜ್‌ಗಳ ಜೊತೆ ಇನ್ನೇನಾದ್ರೂ ದಂಡ ಹಾಕಿದಾರಾ ಅಂತ ಸ್ಟೇಟ್‌ಮೆಂಟ್ ತೆಗೆಸಿ ನೋಡಿ. ಆದ್ರೆ ಬೌನ್ಸ್ ಆಗ್ಲಿ ಬಿಡು ಅಂತ ಬಿಡ್ಬೇಡಿ, 2007ರ ಪೇಮೆಂಟ್ ಕಾಯ್ದೆ 25ನೇ ಸೆಕ್ಷನ್ ಪ್ರಕಾರ ಅದು ಚೆಕ್ ಬೌನ್ಸ್ ತರಾನೇ ಕೇಸ್ ಆಗ್ಬಹುದು.

ಹಾಸನದವ್ರಿಗೆ ಬೇಜಾರಿನ ಸುದ್ದಿ. ಆ ಸುತ್ತೋಲೆ ಕ್ರೆಡಿಟ್ ಕಾರ್ಡ್‌ಗೆ ಅನ್ವಯ ಇಲ್ಲ, ಅದರಲ್ಲೇ ಬರ್ದಿದಾರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡ್ ಬಾಕಿ ಮೇಲೆ ವರ್ಷಕ್ಕೆ 30%ಗಿಂತ ಜಾಸ್ತಿ ಬಡ್ಡಿ ಹಾಕೋದು ಅನುಚಿತ ವ್ಯಾಪಾರ ಅಂತ ತೀರ್ಪು ಕೊಟ್ಟಿತ್ತು. ಬ್ಯಾಂಕ್‌ಗಳು ಸುಪ್ರೀಂ ಕೋರ್ಟಿಗೆ ಹೋದ್ವು. ಹದಿನಾರು ವರ್ಷ ಆದ್ಮೇಲೆ, 2024ರ ಡಿಸೆಂಬರ್ 20ಕ್ಕೆ, ಸುಪ್ರೀಂ ಕೋರ್ಟ್ ಆ ತೀರ್ಪು ರದ್ದು ಮಾಡ್ತು. ಹಾಗಾಗಿ 43% ಕಾನೂನಿನ ಕಣ್ಣಲ್ಲಿ ಸದ್ಯಕ್ಕೆ ತಪ್ಪಲ್ಲ.

ಒಂದು ಎಳೆ ಮಾತ್ರ ಇದೆ. ಆರ್‌ಬಿಐ ಕಾರ್ಡ್ ನಿಯಮದಲ್ಲಿ, ಕಟ್ಟಿದ ದುಡ್ಡು ಕಳೆದು ಉಳಿದ ಬಾಕಿ ಮೇಲೆ ಮಾತ್ರ ಬಡ್ಡಿ ಹಾಕ್ಬೇಕು ಅಂತ ಇದೆ. ಕಟ್ಟೋ ದಿನದ ತನಕ ಪೂರ್ತಿ ಬಾಕಿಯೇ ಇತ್ತಲ್ಲ ಅನ್ನೋದು ಬ್ಯಾಂಕ್‌ನವ್ರ ವಾದ. ಅದನ್ನೇ ಹಿಡ್ಕೊಂಡು ಕೇಳಿ ನೋಡಿ.

ನ್ಯೂಜೆರ್ಸಿ_ನಿಪ್ಪಟ್ಟು

ಇಲ್ಲೂ ಇದೇ ಗಲಾಟೆ ಕಣ್ರಪ್ಪ. ಲೇಟ್ ಫೀ ಸರಾಸರಿ 32 ಡಾಲರ್ ಬೀಳ್ತಿತ್ತು, ಗ್ರಾಹಕ ರಕ್ಷಣೆಯ ಸಂಸ್ಥೆ 2024ರ ಮಾರ್ಚ್‌ನಲ್ಲಿ ದೊಡ್ಡ ಕಾರ್ಡ್ ಕಂಪನಿಗಳಿಗೆ 8 ಡಾಲರ್ ಸಾಕು ಅಂತ ನಿಯಮ ತಂತು, ಬ್ಯಾಂಕ್‌ಗಳು ಕೋರ್ಟಿಗೆ ಓಡಿದ್ವು, 2025ರ ಏಪ್ರಿಲ್‌ನಲ್ಲಿ ಆ ನಿಯಮಾನೇ ರದ್ದು. ಒಂದು ದಿನಾನೂ ಜಾರಿ ಆಗ್ಲಿಲ್ಲ. ನಾನಂತೂ ಕಾರ್ಡ್ ಫ್ರಿಜ್ ಮೇಲೆ ಉಪ್ಪಿನಕಾಯಿ ಜಾಡಿ ಕೆಳಗೆ ಇಟ್ಟಿದೀನಿ.

ಕ್ಯಾಶ್_ಕೌಂಟರ್_2

31 ವರ್ಷ ಬ್ಯಾಂಕಿನಲ್ಲಿ ಇದ್ದವ ನಾನು, ಊರು ಉಡುಪಿ ಕಡೆ. ಮೊದಲು ಕ್ಯಾಶ್ ಕೌಂಟರು, ಕಡೆಗೆ ಆರು ವರ್ಷ ಮ್ಯಾನೇಜರ್. ಬ್ಯಾಂಕ್ ಅಂದ್ರೆ ದರೋಡೆಕೋರರು ಅನ್ನುವ ಹಾಗೆ ಎಲ್ಲರೂ ಮಾತಾಡುದು ನೋಡಿ ಸ್ವಲ್ಪ ಬೇಸರ ಆಯ್ತು. ಒಂದು ಖಾತೆ ನಡೆಸ್ಲಿಕ್ಕೆ ಖರ್ಚು ಉಂಟು ಮಾರಾಯ್ರೆ. ಪಾಸ್‌ಬುಕ್, ಎಟಿಎಂ, ಸರ್ವರ್, ಸಿಬ್ಬಂದಿ, ಎಲ್ಲ ಸೊನ್ನೆ ಬ್ಯಾಲೆನ್ಸಿನಲ್ಲಿ ನಡೀಬೇಕು ಅಂದ್ರೆ ಎಂತ ಮಾಡುದು? ಸಾಲದ ಕಂತು ತಪ್ಪಿದವರಿಗೆ ದಂಡ ಇಲ್ಲದಿದ್ರೆ ಸರಿಯಾಗಿ ಕಟ್ಟುವವರಿಗೆ ಬೆಲೆ ಎಲ್ಲಿ? ಬಾಯಿಮಾತಿಗೆ ಯಾರೂ ಕಟ್ಟುವುದಿಲ್ಲ, ಅದು ಕೌಂಟರಿನ ಈಚೆ ಕೂತವರಿಗೆ ಗೊತ್ತು.

ಆದರೆ ಮಿನಿಮಮ್ ಬ್ಯಾಲೆನ್ಸ್ ದಂಡ ಮಾತ್ರ ನನಗೂ ಗಂಟಲಲ್ಲಿ ಇಳೀಲಿಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಅದನ್ನು ಪುನಃ ತಂದು ಏಪ್ರಿಲ್‌ನಿಂದ ನವೆಂಬರ್ ಒಳಗೆ 1,771 ಕೋಟಿ ಒಟ್ಟು ಮಾಡಿತು. ಜುಲೈ-ಸೆಪ್ಟೆಂಬರ್ ಮೂರು ತಿಂಗಳ ಅದರ ಲಾಭ 1,581 ಕೋಟಿ! ಪೇಪರಿನವರು ಹಿಡಿದು ಜಾಡಿಸಿದರು, ದಂಡ ಇಳಿಸಿದರು, 2020ರ ಮಾರ್ಚಿನಲ್ಲಿ ಪೂರ್ತಿ ತೆಗೆದರು. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ತೆಗೆದಿದೆ, ಆ ಮೇಲೆ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು. 2024ರ ಮಾರ್ಚ್‌ವರೆಗಿನ ಐದು ವರ್ಷದಲ್ಲಿ ಸರ್ಕಾರಿ ಬ್ಯಾಂಕುಗಳೆಲ್ಲ ಸೇರಿ ಸುಮಾರು 8,500 ಕೋಟಿ ವಸೂಲಿ ಮಾಡಿದ್ದು ಅಂತ ಲೋಕಸಭೆಯಲ್ಲೇ ಉತ್ತರ ಉಂಟು.

ನಮ್ಮ ಊರಿನ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಅಂತ ಶುರು ಮಾಡಿ, ಏಜೆಂಟರನ್ನು ಮನೆಮನೆಗೆ ಕಳಿಸಿ ದಿನಕ್ಕೆ ಎರಡು ಆಣೆ ತರ್ತಿದ್ದರು. ಎರಡು ಆಣೆ ಇರುವವನೂ ಗಿರಾಕಿಯೇ. ನನ್ನ ಅಜ್ಜಿ ಆ ಎರಡು ಆಣೆಯನ್ನು ಅಕ್ಕಿ ಡಬ್ಬದ ಮುಚ್ಚಳದ ಮೇಲೆ ತೆಗೆದಿಟ್ಟು ಕಾಯ್ತಿದ್ದರಂತೆ, ಏಜೆಂಟ್ ಬರುವುದು ತಡ ಆದರೆ ಬೈಗುಳ. ಈಗ ನೋಡಿ, ಸಾವಿರ ಇಲ್ಲದಿದ್ದರೆ ನೂರು ಕಡೀತೇವೆ.

ಧಾರವಾಡ_ಫೇಡಾ

ಸರ್, ಅದ ನೂರು ರೂಪಾಯಿ ಕಥಿ ನಮ್ಮನ್ಯಾಗೂ ಆಗೇತಿ, ಕೇಳ್ರಿ.

ನಮ್ಮ ಅವ್ವ ನವಲಗುಂದ ಕಡೆ ಹಳ್ಳ್ಯಾಗ ಇರ್ತಾಳ. ಗೃಹಲಕ್ಷ್ಮಿ 2,000 ರೊಕ್ಕ ಬರ್ತಾವ. ಅದು ಯಾವ ಬ್ಯಾಂಕಿಗೆ ಬರಬೇಕು ಅಂತ ಅಕಿ ಆರಿಸಿದ್ದಲ್ಲರಿ, ಹಿಂದ ಸಂಘದ ಸಾಲಕ್ಕಂತ ಒಂದು ಖಾತೆ ತಗಸಿದ್ಲು, ಆಧಾರ್ ಕಡೀಕ ಅಲ್ಲೇ ಜೋಡಣಿ ಆಗಿತ್ತು, ರೊಕ್ಕ ತಾನ ಅಲ್ಲಿಗೆ ಹೊಂಟ್ವು. ಅಕಿ ರೊಕ್ಕ ಬಂದ ಕೂಡ್ಲೇ ತಗೀತಾಳ, ಬಿಟ್ಟರ ಎಲ್ಲಿ ವಾಪಸ್ ಹೊಕ್ಕಾವೋ ಅನ್ನೋ ಅಂಜಿಕಿ. ಹಿಂಗಾಗಿ ಖಾತೆದಾಗ ಏನೂ ಉಳಿಯಂಗಿಲ್ಲ. ಮೂರು ತಿಂಗಳಿಗೊಮ್ಮೆ 118 ಕಡಕೊಂಡಾರ, ಹಿಂಗ ಮೂರು ಸಲ. ಖಾತೆದಾಗ ರೊಕ್ಕ ಇಲ್ಲದಾಗ ಬರದಿಟ್ಟುಕೊಂಡು, ಸರಕಾರದ್ದು ಬಂದ ದಿನ ಗಪ್ಪನ ಹಿಡಕೋತಾರ. ಅವ್ವ ನನಗ ಫೋನ್ ಮಾಡಿ ಕೇಳ್ತಾಳ, "ಸಿದ್ದರಾಮಯ್ಯ ಎರಡು ಸಾವಿರ ಅಂದಿದ್ದ, 1,882 ಯಾಕ ಕೊಟ್ಟಾನ" ಅಂತ. ನಾ ಏನ್ ಹೇಳ್ಲಿ.

ಕಾರ್ಡ್ ತಗೊಂಡವರು ತಪ್ಪು ಮಾಡಿದ್ರು ಅನ್ರಿ, ಒಪ್ಪೂಣು. ನಮ್ಮವ್ವ ಏನ್ ತಪ್ಪು ಮಾಡ್ಯಾಳ್ರಿ? ರೊಕ್ಕ ಇಲ್ಲದ್ದ ತಪ್ಪೇನು?

ಕ್ಯಾಶ್_ಕೌಂಟರ್_2

ಅಮ್ಮ, ನಿಮ್ಮ ತಾಯಿಯವರ ಮೊಬೈಲಿಗೆ ಮೊದಲೇ ಎಸ್‌ಎಂಎಸ್ ಬಂದಿತ್ತಾ? 2014ರ ನವೆಂಬರಿನಲ್ಲಿ ಆರ್‌ಬಿಐ ಹೇಳಿದ್ದುಂಟು, 2015ರ ಏಪ್ರಿಲ್‌ನಿಂದ ಜಾರಿ: ಬ್ಯಾಲೆನ್ಸ್ ಕಮ್ಮಿ ಆದ ಕೂಡಲೇ ತಿಳಿಸಬೇಕು, ಸರಿ ಮಾಡ್ಲಿಕ್ಕೆ ಒಂದು ತಿಂಗಳು ಕೊಡಬೇಕು, ದಂಡ ಎಷ್ಟು ಕಮ್ಮಿ ಆಗಿದೆಯೋ ಅದಕ್ಕೆ ತಕ್ಕ ಹಾಗೆ ಇರಬೇಕು, ಆ ದಂಡದಿಂದ ಖಾತೆ ಮೈನಸ್‌ಗೆ ಹೋಗಬಾರದು. ತಿಳಿಸಲೇ ಇಲ್ಲ ಅಂದ್ರೆ ಅದೊಂದೇ ಪಾಯಿಂಟ್ ಸಾಕು.

ಧಾರವಾಡ_ಫೇಡಾ

ಅಲ್ಲಿ ಕೊಟ್ಟ ನಂಬರ ನಮ್ಮಣ್ಣಂದರಿ, ಗೋವಾಕ್ಕ ಹೋದಾಗ ಆ ಸಿಮ್ ಬಂದ್ ಮಾಡ್ಯಾನ. ಯಾರಿಗೆ ಬಂದಿರಬೇಕು ಎಸ್‌ಎಂಎಸ್!

ಹಾಸನದ_ಆಲೂಗೆಡ್ಡೆ

ಕೌಂಟರ್ ಸರ್, ಒಂದು ಕೇಳ್ಲಾ, ತಪ್ಪು ತಿಳ್ಕೋಬೇಡಿ. ನೀವು ಮ್ಯಾನೇಜರ್ ಆಗಿದ್ದಾಗ ಈ ತರ ಕಡಿದಿದ್ದನ್ನ ಯಾರಿಗಾದ್ರೂ ವಾಪಸ್ ಹಾಕಿದ್ರಾ?

ಕ್ಯಾಶ್_ಕೌಂಟರ್_2

ಈ ಪ್ರಶ್ನೆ ಬರ್ತದೆ ಅಂತ ಗೊತ್ತಿತ್ತು. ಎರಡು ದಿನ ಬಿಟ್ಟು ಬರೀತಿದ್ದೇನೆ.

ಹಾಕಿದ್ದೇನೆ. ಗೇರುಬೀಜ ಫ್ಯಾಕ್ಟರಿಯವರೊಬ್ಬರ ಮಗನ ಖಾತೆ, ಹುಡುಗ ಓದ್ಲಿಕ್ಕೆ ಹೊರಗೆ ಹೋಗಿದ್ದ, ಬ್ಯಾಲೆನ್ಸ್ ಇರ್ಲಿಲ್ಲ, ದಂಡ ಬಿತ್ತು. ಅಪ್ಪ ಫೋನ್ ಮಾಡಿ "ಎಂತ ಮಾರಾಯ್ರೆ ಇದು" ಅಂದರು. ನನ್ನ ಚಾ ಆರುವ ಮೊದಲು ರಿವರ್ಸ್ ಆಗಿತ್ತು. ಅವರ ಡೆಪಾಸಿಟ್ ನಮ್ಮ ಬ್ರಾಂಚಿನ ಟಾರ್ಗೆಟ್, ಎಂತ ಹೇಳುದು.

ಅದೇ ವಾರ ಬೀಡಿ ಕಟ್ಟುವ ಹೆಂಗಸೊಬ್ಬರು ಬಂದರು. ಪಾಸ್‌ಬುಕ್ ಎಂಟ್ರಿ ಹಾಕಿಸಿ ಆ ಗೆರೆಯ ಮೇಲೆ ಬೆರಳಿಟ್ಟರು, ಬೆರಳ ತುದಿ ಎಲೆ ಕತ್ತರಿಸಿ ಕತ್ತರಿಸಿ ಕಪ್ಪಾಗಿತ್ತು. "ಇದೆಂತ ಸರ್?" ಅಂತ ಕೇಳಿದರು. ಮಿನಿಮಮ್ ಬ್ಯಾಲೆನ್ಸ್ ಅಂದೆ. "ಓ ಹೌದಾ" ಹೇಳಿ ಪಾಸ್‌ಬುಕ್ ಪ್ಲಾಸ್ಟಿಕಿಗೆ ಸುತ್ತಿ ಹೋದರು. ಅವರು ವಾಪಸ್ ಕೇಳ್ಲಿಲ್ಲ, ನಾನು ಕೊಡ್ಲಿಲ್ಲ. ಎರಡೂ ಖಾತೆಗೆ ನಿಯಮ ಒಂದೇ, ರಿವರ್ಸ್ ಮಾಡುವ ಬಟನ್ನೂ ಒಂದೇ.

ಲೆಕ್ಕದ_ಮೇಷ್ಟ್ರು

ಇಷ್ಟು ನೇರವಾಗಿ ಒಪ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಸರ್. ನಾನು ಬರೀ ಪರ್ಸೆಂಟೇಜಲ್ಲೇ ಯೋಚ್ನೆ ಮಾಡ್ತಿದ್ದೆ. ದಂಡದ ರೇಟಿಗಿಂತ ಮಾಫಿ ಯಾರಿಗೆ ಸಿಗುತ್ತೆ ಅನ್ನೋದನ್ನ ನೋಡ್ಬೇಕಿತ್ತು, ಅದರ ಪಟ್ಟಿ ಯಾವ ಬ್ಯಾಂಕಿನ ಗೋಡೆ ಮೇಲೂ ಹಾಕಿರಲ್ಲ.

ಅಂದಹಾಗೆ ಬ್ಯಾಂಕಿಗೂ ದಂಡ ಇದೆ, ಯಾರೂ ಕೇಳಲ್ಲ ಅಷ್ಟೇ. ಎಟಿಎಂನಲ್ಲಿ ದುಡ್ಡು ಬರ್ದೆ ಅಕೌಂಟಲ್ಲಿ ಕಟ್ ಆದ್ರೆ ಐದು ದಿನದೊಳಗೆ ವಾಪಸ್ ಹಾಕ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ. ಕಾರ್ಡ್ ಮುಚ್ಚಿ ಅಂತ ಕೇಳಿ, ಬಾಕಿ ಏನೂ ಇಲ್ದೆ ಏಳು ಕೆಲಸದ ದಿನದೊಳಗೆ ಮುಚ್ಚಿಲ್ಲಾಂದ್ರೆ ದಿನಕ್ಕೆ 500. ಲೇಟ್ ಫೀ ಕೂಡ ಡ್ಯೂ ಡೇಟ್ ಆಗಿ ಮೂರು ದಿನ ದಾಟೋ ತನಕ ಹಾಕೋ ಹಾಗಿಲ್ಲ. ಬರ್ದು ಕೊಟ್ಟು 30 ದಿನದಲ್ಲಿ ಉತ್ತರ ಬರ್ಲಿಲ್ಲಾಂದ್ರೆ ಆರ್‌ಬಿಐ ಒಂಬುಡ್ಸ್‌ಮನ್, ಅಂದ್ರೆ ಬ್ಯಾಂಕ್ ಮೇಲಿನ ದೂರು ಕೇಳೋ ಅಧಿಕಾರಿ, ಅಲ್ಲಿಗೆ ಹೋಗಿ, ಫೀಸ್ ಇಲ್ಲ, ವಕೀಲರೂ ಬೇಡ, 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ.

ಮಂಡ್ಯ_ತ್ರೀವೀಲರ್

ನಮ್ಗೆ ಅದ್ನೆಲ್ಲ ಬರ್ಕೊಂಡ್ ಕೂತ್ಕಳಾಕೆ ಒಂದ್ ದಿನದ ಬಾಡ್ಗೆ ಓಯ್ತದೆ ಸಾರ್. ಆದ್ರೂ ಸ್ಟೇಟ್‌ಮೆಂಟ್ ತೆಗುಸ್ತೀನಿ.

ಕರಾರು_ಓದೋನು

ಅಣ್ಣ ಸ್ಟೇಟ್‌ಮೆಂಟ್ ಫೋಟೋ ನನಗೆ ಕಳ್ಸಿ, ಅರ್ಜಿ ನಾನು ಟೈಪ್ ಮಾಡ್ಕೊಡ್ತೀನಿ. ಕರಾರು ಓದೋ ಕೆಲ್ಸ ನಂದೇ ತಾನೆ. ದೋಸೆ ಋಣ ಅಂತಾನೇ ಇಟ್ಕೊಳ್ಳಿ.

ಕ್ಯಾಶ್_ಕೌಂಟರ್_2

ಧಾರವಾಡದ ಅಮ್ಮ, ನಿಮಗೆ ಅರ್ಜಿ ಹೀಗೆ ಬರೀರಿ, ಉದ್ದ ಬೇಡ, ಮ್ಯಾನೇಜರ್ ಉದ್ದದ್ದು ಓದುವುದಿಲ್ಲ: "ಖಾತೆಯಲ್ಲಿ ಬ್ಯಾಲೆನ್ಸ್ ಕಡಿಮೆ ಇರುವ ಬಗ್ಗೆ ನನಗೆ ಮುಂಚಿತವಾಗಿ ಯಾವುದೇ ಸೂಚನೆ ಬಂದಿಲ್ಲ. ಕಡಿತ ಮಾಡಿದ 354 ರೂಪಾಯಿ ವಾಪಸ್ ಜಮಾ ಮಾಡಿ, ಈ ಖಾತೆಯನ್ನು ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಬೇಸಿಕ್ ಉಳಿತಾಯ ಖಾತೆಯಾಗಿ ಬದಲಾಯಿಸಿ ಕೊಡಬೇಕು." ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಮತ್ತು ತಾರೀಕು ಹಾಕಿಸಿಕೊಳ್ಳಿ. ಸೀಲ್ ಇಲ್ಲದೆ ಕೌಂಟರ್ ಬಿಟ್ಟು ಏಳಬೇಡಿ.

ಹಾಸನದ_ಆಲೂಗೆಡ್ಡೆ

ಅಪ್‌ಡೇಟ್ ಕೊಡ್ತೀನಿ. ನಿನ್ನೆ ಕಸ್ಟಮರ್ ಕೇರ್‌ಗೆ ಫೋನ್ ಮಾಡ್ದೆ, ಇಪ್ಪತ್ತು ನಿಮಿಷ ಮ್ಯೂಸಿಕ್ ಕೇಳಿಸಿದ್ರು. ವಕೀಲರ ಪಕ್ಕದ್ಮನೆಯವ್ರು ಹೇಳಿದ ಪಾಯಿಂಟ್ ಹೇಳೋಕೆ ಬಾಯಿ ತೆರೆಯೋ ಅಷ್ಟ್ರಲ್ಲಿ ಆ ಹುಡುಗಿನೇ "ಸರ್ ನೀವು ನಮ್ಮ ಒಳ್ಳೆ ಕಸ್ಟಮರ್, ಒಂದು ಸಲಕ್ಕೆ ಅಂತ ರಿವರ್ಸ್ ಮಾಡ್ತೀನಿ" ಅಂದ್ಬಿಟ್ಲು. ಬಡ್ಡಿ 2,026 ವಾಪಸ್. ಜಿಎಸ್‌ಟಿ ಮಾತ್ರ ಬರಲ್ವಂತೆ. ಜೊತೆಗೆ ಲಿಮಿಟ್ ಜಾಸ್ತಿ ಮಾಡ್ಲಾ ಸರ್ ಅಂತ ಬೇರೆ ಕೇಳಿದ್ಲು. ಖುಷಿ ಆಗ್ಬೇಕಿತ್ತು, ಆಗ್ಲಿಲ್ಲ. ಗೇರುಬೀಜ ಫ್ಯಾಕ್ಟರಿಯವ್ರ ಸಾಲಲ್ಲಿ ನಾನೂ ನಿಂತ ಹಾಗಾಯ್ತು.

ಧಾರವಾಡ_ಫೇಡಾ

ನಾನೂ ಹೇಳಬೇಕಲ್ರಿ. ಸೋಮವಾರ ರಜಾ ಹಾಕಿ ಅವ್ವನ್ನ ಕರ್ಕೊಂಡು ಹೋಗಿದ್ದೆ. ಮೊದಲ ಸಾಹೇಬ್ರು ಊಟಕ್ಕ ಹೋಗ್ಯಾರ ಅಂದ್ರು, ಆಮ್ಯಾಲ ಸರ್ವರ್ ಡೌನ್ ಅಂದ್ರು. ಸೀಲ್ ಹಾಕ್ಕೊಡ್ರಿ ಅಂದ ಕೂಡ್ಲೇ ಒಳಗ ಕರದ್ರು. ಮ್ಯಾನೇಜರ್ ಹುಡುಗ, ಛಲೋ ಮನಶ್ಯಾ, ಅರ್ಜಿ ಓದಿ ಏನೂ ವಾದ ಮಾಡ್ಲಿಲ್ಲ. ಖಾತೆ ಬದಲಿ ಮಾಡಾಕ ಫಾರ್ಮ್ ತಗೊಂಡಾರ, ನಂದು ನಂಬರ ಹಾಕಿಸೇವಿ.

ಇವತ್ತ ಅವ್ವ ತಾನ ಹೋಗಿ ಎಂಟ್ರಿ ಹಾಕಿಸಿಕೊಂಡು ಬಂದು ಫೋನ್ ಮಾಡಿದ್ಲು. 354 ಬಂದಾವ. ಅದರ ಕೆಳಗಿನ ಗೆರಿ ಏನೈತಿ ಓದವ್ವ ಅಂದೆ, ಬಾಜೂ ಮನಿ ಹುಡುಗನ್ನ ಕರದು ಓದಿಸಿದ್ಲು. ಎಸ್‌ಎಂಎಸ್ ಚಾರ್ಜ್, 17 ರೂಪಾಯಿ 70 ಪೈಸೆ.

ಆ ಬಂದ್ ಆದ ಸಿಮ್ಮಿಗೆ.